ಗಿಲೇನಳ ಹಿಮ್ಮಡಿ

ಗಿಲೇನ್ ಯಾರ ಮನೆಗೆ ಹೋದರೂ ಕೂರುವ ಮೊದಲು ಹಿಮ್ಮಡಿಯಿಂದ ನೆಲ ಬಡಿದು ನೋಡುತ್ತಾಳೆ. ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ಬಡಿಯದೆ ಬಿಡುವವಳಲ್ಲ. ನನ್ನ ತಾಯಿ ತೀರಿಕೊಂಡಾಗ ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು ಬಡಿದಳು. ಅವಳ ಕತ್ತು ಹಿಡಿದು ಹೊರಗೆ ದಬ್ಬಬೇಕು ಅನ್ನಿಸಿತು ನನಗೆ. ಅವಳು ನನ್ನ ಕೈ ಹಿಡಿದುಕೊಂಡು, "ಯೋಚನೆ ಮಾಡ್ಬೇಡ ಯುಗೆತ್, ಇಲ್ಲಿ ಗಟ್ಟಿ ಇದೆ" ಎಂದಳು. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದ ಸಮಾಧಾನ ಅದೇ ಎಂದು ಅವಳು ನಿಜವಾಗಿ ನಂಬಿದ್ದಳು.

ನಮ್ಮ ರೋಶ್‌ನೆಲ್ ಲ್ವಾರ್ ನದಿಯ ದಡದ ಬಿಳಿ ಬಂಡೆಗೆ ಒರಗಿಕೊಂಡಿರುವ ಊರು. ಒರಗಿಕೊಂಡಿದೆ ಅನ್ನುವುದಕ್ಕಿಂತ ಬಂಡೆಯ ಹೊಟ್ಟೆಯೊಳಗೆ ಹೊಕ್ಕಿದೆ. ಅಜ್ಜಂದಿರ ಅಜ್ಜಂದಿರು ಈ ಮೆತ್ತನೆ ಕಲ್ಲನ್ನು ಗರಗಸದಲ್ಲಿ ಕೊಯ್ದು, ದೋಣಿಗೆ ಹೇರಿ ಕಳಿಸಿ, ಪರವೂರಿನ ದೊರೆಗಳಿಗೆ ಕೋಟೆ ಕಟ್ಟಿಸಿಕೊಟ್ಟರು. ತಾವು ಮಾತ್ರ ಕೊಯ್ದು ಉಳಿದ ತೂತಿನೊಳಗೆ ಸಂಸಾರ ಹೂಡಿದರು. ಆಮೇಲೆ ಅದೇ ತೂತುಗಳಲ್ಲಿ ಅಣಬೆ ಬೆಳೆದರು, ವೈನ್ ಪೀಪಾಯಿ ಇಟ್ಟರು, ಈಗ ಮುರಿದ ಸೈಕಲ್ ಇಡುತ್ತಾರೆ. ಯಾರ ಗುಹೆ ಎಲ್ಲಿಯವರೆಗೆ ಹೋಗಿದೆ ಎಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ನಕ್ಷೆಗೆ ಬಿದ್ದ ಗುಹೆಯ ಮೇಲಿನ ಮನೆಯನ್ನು ಯಾರೂ ಕೊಳ್ಳುವುದಿಲ್ಲ, ಅದು ಒಂದು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನಮ್ಮೂರಲ್ಲಿ ಪಕ್ಕದವನ ಜಾಗದ ಅಡಿಗೆ ನುಗ್ಗಿ ಕಲ್ಲು ಕದಿಯದ ಅಜ್ಜ ಒಬ್ಬನೂ ಇರಲಿಲ್ಲ. ಕದ್ದಾದ ಮೇಲೆ ಒಂದು ಗೋಡೆ ಎಬ್ಬಿಸಿ, ಸುಣ್ಣ ಬಳಿದು, ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕೂರುತ್ತಿದ್ದರು.

ನಾನೂ ಗಿಲೇನಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾವು ಚಿಕ್ಕವರಿದ್ದಾಗ ಒಂದು ಭಾನುವಾರ, ಊರೆಲ್ಲ ಇಗರ್ಜಿಯಲ್ಲಿದ್ದ ಹೊತ್ತು, ಅವಳ ಅಜ್ಜನ ಬೇಕರಿಯ ಒಲೆ ಒಳಗಿದ್ದ ರೊಟ್ಟಿಗಳ ಸಮೇತ ನೆಲದೊಳಗೆ ಇಳಿದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ದೇವರು ದೊಡ್ಡವನು ಎಂದು ಹಿರಿಯರು ಶಿಲುಬೆ ಗುರುತು ಮಾಡಿಕೊಂಡರು. ಗಿಲೇನ್ ಭಾನುವಾರದ ಫ್ರಾಕು ತೊಟ್ಟವಳು ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿ, "ಇದು ಯಾರ ಮನೆ ಗುಹೆ?" ಎಂದು ಕೇಳಿದಳು. ಹಿರಿಯರು ಅವಳ ಕಾಲು ಹಿಡಿದು ಹಿಂದಕ್ಕೆ ಎಳೆದರು. ಗೊತ್ತಿದ್ದವರು ಒಬ್ಬಿಬ್ಬರಾದರೂ ಅಲ್ಲಿ ನಿಂತಿದ್ದರು ಎಂಬುದು ನನ್ನ ಗುಮಾನಿ. ಅವತ್ತಿನಿಂದ ಅವಳ ಕಾಲು ನಿಂತಲ್ಲಿ ನಿಂತಿಲ್ಲ.

ಆಂಜೆ ಪಟ್ಟಣಕ್ಕೆ ಹೋಗಿ ನಕ್ಷೆ ಬಿಡಿಸುವುದನ್ನು ಕಲಿತು ಬಂದಳು. ಜಿಲ್ಲೆಯಲ್ಲಿ ಗುಹೆಗಳ ಲೆಕ್ಕ ಇಡುವ ಕಚೇರಿಯೊಂದಿದೆ, ಅಲ್ಲಿ ಸೇರಿಕೊಂಡಳು. ಮೊದಮೊದಲು ಅಳತೆ ಟೇಪು, ಆಮೇಲೆ ಕೆಂಪು ಚುಕ್ಕಿ ಬಿಡುವ ಲೇಸರ್ ಯಂತ್ರ. ಹೆಲ್ಮೆಟ್ಟು, ಮಂಡಿಗೆ ಕಟ್ಟಿದ ಮೆತ್ತೆ, ತಲೆಗೂದಲಲ್ಲಿ ಯಾವಾಗಲೂ ಬಿಳಿ ಪುಡಿ. ಎಲ್ಲಿ ಟೊಳ್ಳು, ಅದರ ಮೇಲೆ ಎಷ್ಟು ಕಲ್ಲು ಉಳಿದಿದೆ, ಅದರ ಮೇಲೆ ಯಾರ ಮಂಚ ಇದೆ, ಇಷ್ಟೇ ಅವಳ ಪ್ರಪಂಚ. ಬಂಡೆಯಲ್ಲಿ ಬಿರುಕು ಕಂಡರೆ ಅದಕ್ಕೆ ಅಡ್ಡಲಾಗಿ ಪ್ಲಾಸ್ಟರಿನ ಸಣ್ಣ ತೇಪೆ ಹಾಕಿ ತಾರೀಕು ಕೆತ್ತುತ್ತಾಳೆ. ಅದಕ್ಕೆ ನಾವು ಸಾಕ್ಷಿ ಅನ್ನುತ್ತೇವೆ. ಬಂಡೆ ಅಲುಗಿದರೆ ಪ್ಲಾಸ್ಟರ್ ಒಡೆಯುತ್ತದೆ. ಸಾಕ್ಷಿ ಒಡೆದ ಮನೆಯಲ್ಲಿ ಯಾರೂ ನಿಲ್ಲಬಾರದು.

ಅವಳ ಗಂಡ ಜೋಯೆಲ್ ಲಾರಿ ಓಡಿಸುತ್ತಾನೆ. "ಇವಳ ಜೊತೆ ಹೆಂಗೆ ಬಾಳ್ತೀಯೋ?" ಎಂದು ಯಾರೋ ಕೇಳಿದ್ದಕ್ಕೆ, "ನಾನು ವಾರದಲ್ಲಿ ಐದು ದಿನ ಅಲ್ಲಾಡೋ ಸೀಟಿನ ಮೇಲೇ ಕೂತಿರ್ತೀನಿ, ಮನೇಲೂ ಅದೇ ಅಭ್ಯಾಸ" ಎಂದಿದ್ದ. ಪುಣ್ಯಾತ್ಮ.

ಕಣಿವೆಯೆಲ್ಲ ಅಳೆದು ಮುಗಿದ ಮೇಲೆ ಕೊನೆಗೆ ಉಳಿದದ್ದು ನಮ್ಮ ಕೇರಿಯ ಬಂಡೆ. ಕೇರಿಯಲ್ಲೂ ಉಳಿದದ್ದು ಒಂದು ಚೂರು, ಅವಳ ಸೋದರಮಾವ ಕ್ಲೊವಿಸ್‌ನ ಮನೆಯ ಹಿಂಬದಿ. ಕ್ಲೊವಿಸ್ ಅವಳಿಗೆ ಸೋದರಮಾವ, ಊರಿಗೆಲ್ಲ ಮಾವ. ಎಂಬತ್ತು ದಾಟಿದ ಮನುಷ್ಯ. ಅವನ ಮನೆ ಬಂಡೆಯ ಬುಡದಲ್ಲಿ ಕೊರೆದ ಗುಹೆ, ಎರಡು ಕೋಣೆ. ನೆತ್ತಿಯ ಮೇಲೆ, ಬಂಡೆಯ ಮೇಲ್ಗಡೆ, ನಮ್ಮ ಬೂಲ್ ಆಟದ ಮನೆ; ನುಣುಪು ನೆಲದ ಮೇಲೆ ಚೆಂಡು ಉರುಳಿಸಿ ಗುರಿಯ ಹತ್ತಿರ ನಿಲ್ಲಿಸುವ ಆಟ ಅದು. ಅದರ ಅಧ್ಯಕ್ಷನೂ ಅವನೇ. ಅಲ್ಲಿ ವೈನ್ ಸುರಿದು ಗ್ಲಾಸು ತೊಳೆಯುವವಳು ನಾನು.

ಬೂಲ್ ಆಟದ ಅಂಗಳ ನಮಗೆ ದೇವರ ಗುಡಿಗಿಂತ ಹೆಚ್ಚು. ಇಗರ್ಜಿಗೆ ಕೆಸರುಗಾಲಲ್ಲಿ ಹೋಗುವ ಗಂಡಸರು ಅಂಗಳಕ್ಕೆ ಇಳಿಯುವ ಮೊದಲು ಶೂ ಬಿಚ್ಚಿ ಬಟ್ಟೆಯ ಮೆತ್ತನೆ ಚಪ್ಪಲಿ ಹಾಕುತ್ತಾರೆ. ನೆಲಕ್ಕೆ ಒಂದು ಗೀರು ಬಿದ್ದರೂ ಸಹಿಸುವುದಿಲ್ಲ. ಒಂದೂ ಅಂಕ ಗಳಿಸದೆ ಸೋತವನು ಗೋಡೆಯ ಮೇಲಿನ ಫಾನಿಯ ಚಿತ್ರಕ್ಕೆ ಮುತ್ತಿಡಬೇಕು. ಫಾನಿ ಆ ಚಿತ್ರದಲ್ಲಿ ನಮಗೆ ಬೆನ್ನು ಹಾಕಿ, ಲಂಗ ಎತ್ತಿ ನಿಂತಿದ್ದಾಳೆ. ಮುತ್ತು ಎಲ್ಲಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಅಂಗಳದ ನಡುವೆ ಗಿಲೇನ್ ಒಂದು ದಿನ ಬೂಟುಗಾಲಲ್ಲಿ ಇಳಿದು ಹಿಮ್ಮಡಿಯಿಂದ ಬಡಿದಳು. ಆಡುತ್ತಿದ್ದವರು ಕಲ್ಲಾಗಿ ನಿಂತರು.

"ಮಾವ, ಇದರ ಕೆಳಗೆ ಏನಿದೆ?" ಎಂದಳು.

"ಕಲ್ಲು" ಎಂದ ಕ್ಲೊವಿಸ್. "ಮೊದಲು ಆ ಬೂಟು ತೆಗಿಯೇ, ದನ."

"ನಿನ್ನ ಪೀಪಾಯಿಗಳ ಹಿಂದಿನ ಗೋಡೆಯಿಂದ ಆ ಕಡೆ ಅಣಬೆ ಗುಹೆ ತನಕ ಅಳೆದೆ. ನಡುವೆ ಒಂದು ಇಗರ್ಜಿ ಹಿಡಿಸೋವಷ್ಟು ಕಲ್ಲು ಉಳಿದಿದೆ ಅಂತ ಲೆಕ್ಕ ಹೇಳುತ್ತೆ."

"ಉಳಿದಿದ್ರೆ ಒಳ್ಳೇದೇ ಆಯ್ತಲ್ಲ. ನಿನಗ್ಯಾಕೆ ಹೊಟ್ಟೆನೋವು?"

"ನಿನ್ನಪ್ಪ ಅಷ್ಟು ಒಳ್ಳೆ ಕಲ್ಲನ್ನ ಕೊಯ್ಯದೆ ಬಿಟ್ಟಿದ್ದ ಅಂತ ನೀನು ನಂಬ್ತೀಯಾ?"

ಇಡೀ ಆಟದ ಮನೆ ನಕ್ಕಿತು. ಕ್ಲೊವಿಸ್ ನಗಲಿಲ್ಲ. ಕೈಯಲ್ಲಿದ್ದ ಅರ್ಧ ಗ್ಲಾಸು ವೈನನ್ನು ಹಾಗೇ ನನ್ನ ಮುಂದಿಟ್ಟು ಮನೆಗೆ ಹೊರಟ. ಅವತ್ತು ನನಗೆ ಕೋಪ ಬಂದದ್ದು ಗಿಲೇನಳ ಮೇಲೆ. ಎಲ್ಲ ಅಚ್ಚುಕಟ್ಟಾಗಿ ನಡೆಯುತ್ತಿರುವಾಗ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವ ಜಾತಿ ಇದು ಅನ್ನಿಸಿತು.

ಕ್ಲೊವಿಸ್‌ನ ಹೆಂಡತಿ ಒಡೆತ್ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳ ಸುಣ್ಣ ಕೇರಿಗೆಲ್ಲ ಹೆಸರುವಾಸಿ. ಪ್ರತಿವರ್ಷ ಈಸ್ಟರ್‌ಗೆ ಮುಂಚೆ ಮಂಚ, ಬೀರು ಎಲ್ಲ ಹೊರಗಿಟ್ಟು ಗುಹೆಯ ಗೋಡೆ, ಸೂರು ಸೇರಿಸಿ ಒಂದು ಬೆರಳಗಲ ಬಿಡದೆ ಬಳಿಯುತ್ತಿದ್ದಳು. ಸೂರಿನಲ್ಲಿ ಸಂದು ಗಿಂದು ಕಂಡರೆ ಗಟ್ಟಿ ಸುಣ್ಣ ಒತ್ತಿ ಮುಚ್ಚುತ್ತಿದ್ದಳು. ಬಿರುಕು ಬಿಟ್ಟ ಸೂರಿನ ಕೆಳಗೆ ಅತಿಥಿಗಳನ್ನು ಕೂರಿಸುವುದು ನಮ್ಮಲ್ಲಿ ಮನೆ ಹೆಂಗಸಿಗೆ ಮರ್ಯಾದೆಯ ಮಾತಲ್ಲ. ಅವಳು ಹೋದ ಮೇಲೆ ಕ್ಲೊವಿಸ್ ಅದನ್ನು ವ್ರತದಂತೆ ನಡೆಸಿಕೊಂಡು ಬಂದ. ಗಿಲೇನ್ ಏಣಿ ಹಿಡಿಯಲು ಹೋಗುತ್ತಿದ್ದಳು, ನಾನು ಬಕೆಟ್ಟು ಹಿಡಿಯಲು.

ಅಂಗಳದ ಜಗಳವಾದ ವರ್ಷವೂ ಹೋದೆವು. ಮಾವ ಸೊಸೆ ಮಾತು ಕಡಿಮೆ, ಕೆಲಸ ಜಾಸ್ತಿ. ಒಲೆಯ ಮೇಲ್ಗಡೆ ಸೂರಿಗೆ ಕುಂಚ ತಾಗಿಸುತ್ತಿದ್ದಂತೆ ಹಳೇ ಸುಣ್ಣದ ಒಂದು ತುಂಡು ಕಳಚಿ ಒಲೆಯ ಮೇಲೆ ಬಿತ್ತು. ಗಿಲೇನ್ ಎತ್ತಿಕೊಂಡಳು. ತಟ್ಟೆಯಂತೆ ತೆಳ್ಳಗಿರಬೇಕಾದ ತುಂಡು ಗೂಟದಂತೆ ದಪ್ಪಗಿತ್ತು. ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಯುಗೆತ್, ಇಲ್ಲಿ ನೋಡು" ಎಂದಳು.

ತುಂಡಿನ ಅಡ್ಡಕ್ಕೆ ಗೆರೆಗಳಿದ್ದವು. ಒಂದು ಬಿಳಿ ಪಟ್ಟಿ, ಒಂದು ಕೂದಲೆಳೆಯಷ್ಟು ಕಪ್ಪು, ಮತ್ತೆ ಬಿಳಿ, ಮತ್ತೆ ಕಪ್ಪು. ಬಿಳಿ ಎಂದರೆ ಈಸ್ಟರ್‌ನ ಸುಣ್ಣ. ಕಪ್ಪು ಎಂದರೆ ಚಳಿಗಾಲದ ಒಲೆಯ ಹೊಗೆ. ಬಿರುಕು ಪ್ರತಿವರ್ಷ ಬಾಯಿ ಬಿಟ್ಟಿದೆ, ಪ್ರತಿವರ್ಷ ಯಾರೋ ಆ ಬಾಯಿಗೆ ಸುಣ್ಣ ತುಂಬಿದ್ದಾರೆ. ಒಂದು ಅಂಚಿನ ಹಳೆಯ ಪಟ್ಟಿಗಳು ಕಾಗದದಷ್ಟು ತೆಳುವಾಗಿದ್ದವು. ಇನ್ನೊಂದು ಅಂಚಿಗೆ ಬರುಬರುತ್ತಾ ದಪ್ಪವಾಗುತ್ತಾ, ಕೊನೆಯದು ನನ್ನ ಉಗುರಿನಷ್ಟು ಅಗಲವಿತ್ತು. ಬಿರುಕು ಬೆಳೆಯುತ್ತಿತ್ತು. ಬರೀ ಬೆಳೆಯುತ್ತಿರಲಿಲ್ಲ, ಓಡಲು ಶುರು ಮಾಡಿತ್ತು. ಒಡೆತ್‌ಳ ಅಚ್ಚುಕಟ್ಟು ಅದನ್ನು ನಮ್ಮೆಲ್ಲರ ಕಣ್ಣಿಂದ ಮುಚ್ಚಿಟ್ಟಿತ್ತು. ಅದರ ಕೆಳಗೆ ಕೂತು ನಾನು ಎಷ್ಟು ಸಲ ಕಾಫಿ ಕುಡಿದಿದ್ದೆನೋ.

ಗಿಲೇನ್ ಆ ತುಂಡನ್ನು ಮಾವನ ಅಂಗೈಯಲ್ಲಿಟ್ಟಳು. ಅವನು ಕನ್ನಡಕ ಹಾಕಿಕೊಂಡು ನೋಡಿದ. ಪಟ್ಟಿಗಳ ಮೇಲೆ ಒಂದೊಂದಾಗಿ ಉಗುರು ಓಡಿಸಿದ.

"ಈ ತೆಳ್ಳಗಿರೋವು ಅವಳ ಕೈಯ್ಯವು" ಎಂದ ಕೊನೆಗೆ. "ಈ ದಪ್ಪದ್ದು ನಾನು ಬಳಿದಿದ್ದು."

"ಮಾವ, ಗೋಡೆ ಹಿಂದೆ ಏನಿದೆ ಹೇಳು. ಈ ಬಿರುಕು ಆ ಕಡೆಗೇ ಹೋಗ್ತಿದೆ."

"ಹೇಳಿದ್ರೆ ನಿಮ್ಮೋರು ಸಿಮೆಂಟು ತುಂಬಿಸ್ತಾರೆ."

"ತುಂಬಿಸೋಕೆ ಬಿಡಲ್ಲ."

"ನೀನು ಯಾರೇ ಬಿಡದೆ ಇರೋಕೆ? ಸಂಬಳದೋಳು."

"ನಿನ್ನ ತಂಗಿ ಮಗಳು" ಎಂದಳು.

ಕ್ಲೊವಿಸ್ ಎದ್ದು ಪೀಪಾಯಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಉರುಳಿಸಿದ. ನಮ್ಮನ್ನು ಮುಟ್ಟಗೊಡಲಿಲ್ಲ. ಗೋಡೆಯ ಕಲ್ಲುಗಳನ್ನು ತಾನೇ ಬಿಚ್ಚಿದ. ಒಳಗಿಂದ ತಣ್ಣನೆ ಗಾಳಿ ಬಂತು. ದೀಪ ಹಿಡಿದವಳು ನಾನು.

ಒಳಗೆ ಆಟದ ಮನೆಯಷ್ಟೇ ದೊಡ್ಡ ಕೋಣೆ. ಊರಿಗೆ ತಿಳಿಯದಂತೆ ಕೊಯ್ದ ಕಲ್ಲಿನ ಜಾಗ. ಅದರ ಎದುರು ಗೋಡೆಯ ಮೇಲೆ ಸಾಲಾಗಿ ಮುಖಗಳಿದ್ದವು, ಎಲ್ಲ ಪಕ್ಕಕ್ಕೆ ತಿರುಗಿದ ಮುಖಗಳು. ಕಲ್ಲು ಕೊಯ್ಯುವವರು ಕೆಲಸ ಬಿಡುವ ದಿನ ತಮ್ಮ ಮುಖದ ಅಂಚನ್ನು ಕೊನೆಯ ಕಲ್ಲಿನಲ್ಲಿ ಕೆತ್ತುತ್ತಿದ್ದರಂತೆ. ಕ್ಲೊವಿಸ್‌ನ ಅಪ್ಪ, ಅಪ್ಪನ ಅಪ್ಪ, ಅಜ್ಜನ ಡೊಂಕು ಮೂಗಿನ ಅಣ್ಣ. ಮೂಗು ನೋಡಿಯೇ ಯಾವ ಮನೆಯವರೆಂದು ಹೇಳಬಹುದಾಗಿತ್ತು. ಸಾಲಿನ ಕೊನೆಗೆ ಒಂದು ಹೆಣ್ಣುಮುಖ. ಚಿಕ್ಕ ಗದ್ದ, ಹಿಂದಕ್ಕೆ ಎಳೆದು ಕಟ್ಟಿದ ಕೂದಲು. ಒಡೆತ್. ಉಳಿದವರು ಸೊಗಸಾಗಿ ಕೆತ್ತಿದ್ದರು. ಇದು ಮಾತ್ರ ಒರಟು ಕೈಯ ಕೆಲಸ, ಕಿವಿ ಸ್ವಲ್ಪ ಕೆಳಗೆ ಬಂದಿತ್ತು.

"ಅವಳು ಹೋದ ಚಳಿಗಾಲ ಕೆತ್ತಿದೆ" ಎಂದ ಕ್ಲೊವಿಸ್. "ಕಿವಿ ಸರಿ ಬರಲಿಲ್ಲ. ಕೆತ್ತಿ ಗೋಡೆ ಮುಚ್ಚಿದೆ."

ನನಗೆ ಅಳು ತಡೆಯಲಾಗಲಿಲ್ಲ. ಗಿಲೇನ್ ಅಳಲಿಲ್ಲ. ಸೂರಿನ ಉದ್ದಕ್ಕೂ ದೀಪ ಆಡಿಸುತ್ತಿದ್ದಳು. ಒಂದು ಕಂಬವನ್ನೂ ಬಿಡದೆ ಕೊಯ್ದಿದ್ದರು. ಹಿಮ್ಮಡಿಯನ್ನು ಎತ್ತಿದವಳು, ಬಡಿಯದೆ ಮೆಲ್ಲಗೆ ಕೆಳಗಿಟ್ಟಳು.

ಗಿಲೇನ್ ಹೋಗಿ ಹೇಳಿದ್ದೇ ತಡ, ಮೇಯರ್ ಅವತ್ತೇ ಆಟದ ಮನೆಗೆ ಬೀಗ ಹಾಕಿಸಿದ. ಈಸ್ಟರ್ ಪಂದ್ಯದ ಅಂತಿಮ ಸುತ್ತು ಬಾಕಿ ಇತ್ತು. ಆಟಗಾರರು ಚಪ್ಪಲಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಮನೆ ಕಳಕೊಂಡವರ ಹಾಗೆ ರಸ್ತೆಯಲ್ಲಿ ನಿಂತರು. ಮರುದಿನ ಬೆಳಗ್ಗೆ ಗಿಲೇನಳ ಗೇಟಿಗೆ ಯಾರೋ ಫಾನಿಯ ಚಿತ್ರ ನೇತುಹಾಕಿದ್ದರು. ಅವಳು ಅದನ್ನು ತೆಗೆದು, ಒರೆಸಿ, ನನ್ನ ಕೈಗೆ ಕೊಟ್ಟು, "ಜೋಪಾನವಾಗಿಡು, ಮತ್ತೆ ಬೇಕಾಗುತ್ತೆ" ಎಂದಳು. ನನ್ನ ಕೆಲಸ ಹೋಗಿತ್ತು, ಅವಳ ಮುಖಕ್ಕೇ ಬಾಗಿಲು ಹಾಕಬೇಕೆಂದಿದ್ದೆ. ಹಾಕಲಿಲ್ಲ. ಒಡೆತ್‌ಳ ಸುಣ್ಣದ ಆ ಪಟ್ಟಿಗಳು ಕಣ್ಣ ಮುಂದಿದ್ದವು.

ಕಚೇರಿಯ ಸಭೆಯಲ್ಲಿ ಕೋಣೆಗೆ ಮರಳು ಸಿಮೆಂಟು ತುಂಬಿಸಿ ಕೈತೊಳೆದುಕೊಳ್ಳೋಣ ಎಂಬ ಮಾತು ಬಂತು. ಗಿಲೇನ್ ಪ್ರತಿ ಮುಖವನ್ನೂ ಅಳೆದು ಬಿಡಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಗೋಡೆಯಿಂದ ದೂರ ಕಂಬ ಎಬ್ಬಿಸಿದರೆ ಸೂರೂ ನಿಲ್ಲುತ್ತದೆ, ಮುಖಗಳೂ ಉಳಿಯುತ್ತವೆ ಎಂದು ವಾದ ಮಾಡಿದಳು. ಗೆದ್ದಳು. ಆದರೆ ಕಂಬಕ್ಕೆ ಗುತ್ತಿಗೆ ಕೂಗಬೇಕು, ಅನುಮತಿ ಬರಬೇಕು, ಚಳಿ ಕಳೆಯಬೇಕು. ಮುಂದಿನ ಬೇಸಿಗೆಗೆ ಎಂದರು. ಬಂಡೆಗೆ ಯಾರೂ ಕಾಗದ ಕಳಿಸಿ ತಿಳಿಸಿದ ಹಾಗಿರಲಿಲ್ಲ.

ಅಷ್ಟರವರೆಗೆ ಕ್ಲೊವಿಸ್ ಮನೆ ಬಿಡಬೇಕೆಂದು ಮೇಯರ್ ಆದೇಶ ಬರೆದ. ಕ್ಲೊವಿಸ್ ಅದನ್ನು ಬಿಸಿ ಪಾತ್ರೆಯ ಕೆಳಗೆ ಇಟ್ಟುಕೊಂಡ. "ಹೊತ್ತು ಹಾಕೋಕೆ ಪೊಲೀಸರನ್ನ ಕಳಿಸ್ಲಿ" ಎಂದ. ಅವನನ್ನು ಹೊತ್ತು ಹಾಕುವ ಧೈರ್ಯ ಮೇಯರನಿಗೆ ಎಲ್ಲಿಂದ ಬರಬೇಕು? ಅವನಿಗೆ ಬೂಲ್ ಆಟ ಕಲಿಸಿದವನೇ ಕ್ಲೊವಿಸ್.

ಗಿಲೇನ್ ಮಾವನ ಕಾಲು ಹಿಡಿದಳು, ಬೈದಳು, ನಮ್ಮ ಮನೆಗೆ ಬಾ ಎಂದು ಅಂಗಲಾಚಿದಳು. ಪೀಪಾಯಿ ಸರಿಸಿದ ಮೇಲೆ ಅವನು ಕುರ್ಚಿಯನ್ನು ಒಲೆಯ ಪಕ್ಕ, ಆ ತೆರೆದ ಬಾಯಿಗೆ ಎದುರಾಗಿ ಹಾಕಿಕೊಂಡಿದ್ದ. ದೀಪ ಹಚ್ಚಿದರೆ ಕೂತಲ್ಲಿಂದಲೇ ಒಡೆತ್ ಕಾಣುತ್ತಿದ್ದಳು. "ಇಷ್ಟು ವರ್ಷ ಆದ್ಮೇಲೆ ಈಗ ತಾನೆ ಅವಳನ್ನ ನೋಡ್ತಿದ್ದೀನಿ" ಎಂದ. ಸರಿಯಾಗಿ ಬಿರುಕಿನ ಕೆಳಗೇ ಇತ್ತು ಆ ಕುರ್ಚಿ.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಗಿಲೇನ್ ಸುಣ್ಣ ಕೆರೆದು ಬಿರುಕಿಗೆ ಅಡ್ಡಲಾಗಿ ಪ್ಲಾಸ್ಟರ್ ಸಾಕ್ಷಿ ಹಾಕಿದಳು.

"ಇದು ಒಡೆದ ದಿನ ಒಂದು ಮಾತಾಡದೆ ಎದ್ದು ಬರಬೇಕು ಮಾವ."

"ಬರ್ತೀನಿ."

"ಒಡೆತ್ ಅತ್ತೆ ಆಣೆ?"

"ಆಣೆ ಗೀಣೆ ಬೇಡ. ಬರ್ತೀನಿ ಅಂದ್ನಲ್ಲ."

ಆ ವರ್ಷ ಹೇಗೆ ಕಳೆಯಿತೋ ನನಗೇ ಗೊತ್ತು. ಗಿಲೇನ್ ದಿನಾ ಬೆಳಗ್ಗೆ ಏನಾದರೊಂದು ನೆಪ ತೆಗೆದು ಅವನ ಬಾಗಿಲಿಗೆ ಹೋಗುತ್ತಿದ್ದಳು. ಒಂದು ದಿನ ಬ್ರೆಡ್ಡು, ಒಂದು ದಿನ ಸೂಪು, ಒಂದು ದಿನ ಕತ್ತರಿ ಸಾಲ. ಹೋದವಳ ಕಣ್ಣು ಮೊದಲು ಸೂರಿಗೆ, ಆಮೇಲೆ ಮಾವನಿಗೆ. ಅವಳಿಗೆ ಕೆಲಸವಿದ್ದ ದಿನ ನಾನು ಹೋಗುತ್ತಿದ್ದೆ. ಮಳೆ ಬಂದರೆ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ. ಗಟ್ಟಿಯಾಗಿ ಒಂದು ಬಾಗಿಲು ಬಡಿದುಕೊಂಡರೂ ನಾನು ಬೀದಿಗೆ ಓಡಿ ಬಂಡೆಯ ಕಡೆ ನೋಡುತ್ತಿದ್ದೆ. ನನ್ನ ಜನ್ಮದಲ್ಲಿ ಹಾಗೆ ಹೆದರಿ ಬಾಳಿದವಳಲ್ಲ ನಾನು. ಆಟಗಾರರು ಮಾತ್ರ ಕೆಫೆಯಲ್ಲಿ ಕೂತು, "ಏನು ಗಿಲೇನ್, ಬಂಡೆ ಇನ್ನೂ ನಿಂತಿದೆಯಲ್ಲ? ನೀನು ಬಡಿಯೋದು ಬಿಟ್ಟಿದ್ದಕ್ಕಿರಬೇಕು" ಎಂದು ಕೆಣಕುತ್ತಿದ್ದರು. ಅವಳ ಭಯ ಬಂಡೆಯದಲ್ಲ, ಮಾವನದು ಎಂದು ನನಗೆ ತಡವಾಗಿ ಅರ್ಥವಾಯಿತು.

"ಅವನ ಹತ್ರ ಪ್ಲಾಸ್ಟರ್ ಚೀಲ ಇದೆ" ಎಂದಳು ಒಂದು ದಿನ. "ಸಾಕ್ಷಿ ಒಡೆದ್ರೆ ಹೊಸದು ಹಾಕಿ, ಅದೇ ತಾರೀಕು ಕೆತ್ತಿದ್ರೆ ನನಗೂ ಗೊತ್ತಾಗಲ್ಲ ಯುಗೆತ್. ಇಷ್ಟೊತ್ತಿಗೆ ಒಂದು ಸಲ ಹಾಕಿಬಿಟ್ಟಿದ್ರೂ ಹಾಕಿರಬಹುದು."

"ಆ ಚೀಲ ಎತ್ಕೊಂಡು ಬಾ ಮತ್ತೆ."

"ತಂದ್ರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತೆ. ನಂಬಲ್ಲ ಅಂತ ಅವನಿಗೆ ಗೊತ್ತಾದ್ರೆ ಬಾಗಿಲೇ ತೆಗಿಯಲ್ಲ."

ನಿಜ. ಅವನು ತನ್ನ ಕೈಯಾರೆ ಆ ತೇಪೆ ಹಾಕುತ್ತಾನೋ ಇಲ್ಲವೋ ಎಂಬುದರ ಮೇಲೆ ಅವನ ಪ್ರಾಣ ನಿಂತಿತ್ತು. ಯಾವ ಲೇಸರಿನಿಂದಲೂ ಅದನ್ನು ಅಳೆಯಲಾಗುತ್ತಿರಲಿಲ್ಲ.

ಮತ್ತೆ ಈಸ್ಟರ್ ಹತ್ತಿರ ಬಂತು. ಗುರುವಾರದಿಂದ ಇಗರ್ಜಿಯ ಗಂಟೆಗಳು ಸುಮ್ಮನಾದವು. ಗಂಟೆಗಳು ರೋಮಿಗೆ ಹೋಗಿವೆ, ಭಾನುವಾರ ಹಿಂತಿರುಗುತ್ತವೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಶುಭ ಶುಕ್ರವಾರ ಮಧ್ಯಾಹ್ನ ನಾನು ಗಿಲೇನಳ ಅಡುಗೆಮನೆಯಲ್ಲಿ ಮೀನಿಗೆ ಆಲೂಗಡ್ಡೆ ಸುಲಿಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಕ್ಲೊವಿಸ್ ನಿಂತಿದ್ದ. ಕಾಲಲ್ಲಿ ಬೂಲ್ ಆಟದ ಬಟ್ಟೆ ಚಪ್ಪಲಿ. ಅವುಗಳಲ್ಲಿ ಅವನು ಬೀದಿಗೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಎರಡೂ ಕೈ ಮೊಣಕೈವರೆಗೆ ಬಿಳಿಯಾಗಿದ್ದವು.

"ಸಾಕ್ಷಿ ಒಡೀತು" ಎಂದ.

ಗಿಲೇನ್ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಕುರ್ಚಿಯ ಮೇಲೆ ಕೂರಿಸಿದಳು. ಆಮೇಲೆ ಓಡಿದಳು. ಹೋಗಿ ನೋಡಿ ಬಂದವಳು ನೇರ ಮೇಯರನಿಗೆ ಫೋನು ಹಚ್ಚಿದಳು. ಸಂಜೆಯ ಒಳಗೆ ಬಂಡೆಯ ಬುಡದ ಮನೆಗಳೆಲ್ಲ ಖಾಲಿಯಾದವು. ಜನ ಗೊಣಗುತ್ತಾ ಹಬ್ಬದ ಮಾಂಸ, ಮೊಟ್ಟೆ ಬುಟ್ಟಿಗಳನ್ನು ಎತ್ತಿಕೊಂಡು ಶಾಲೆಯ ಕಟ್ಟಡಕ್ಕೆ ಹೋದರು. "ಏನೂ ಆಗ್ಲಿಲ್ಲ ಅಂದ್ರೆ ಈ ಸಲ ಫಾನಿಗೆ ಗಿಲೇನಳೇ ಮುತ್ತು ಕೊಡ್ಬೇಕು" ಎಂದು ಒಬ್ಬ ಕೂಗಿದ. ಗಿಲೇನ್, "ಧಾರಾಳವಾಗಿ ಕೊಡ್ತೀನಿ" ಎಂದಳು.

ಶನಿವಾರ ಮಧ್ಯಾಹ್ನ ಬಂಡೆ ಇಳಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಹೊಟ್ಟೆಯಿಂದ ನಿಟ್ಟುಸಿರು ಬಿಟ್ಟಂತಾಯಿತು, ಆಮೇಲೆ ಬಿಳಿ ಧೂಳು. ಶಾಲೆಯ ಅಂಗಳದಲ್ಲಿ ನಿಂತಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಟೊಪ್ಪಿ ತೆಗೆದರು. ಧೂಳು ಅಡಗಿದ ಮೇಲೆ ನೋಡಿದರೆ ಆಟದ ಅಂಗಳದ ಅರ್ಧ, ಒಂದು ಗೀರೂ ಬೀಳಗೊಡದೆ ಕಾಪಾಡಿಕೊಂಡು ಬಂದ ಆ ನೆಲ, ಕ್ಲೊವಿಸ್‌ನ ಒಲೆಯ ಮೇಲೆ ಬಿದ್ದಿತ್ತು. ಕುರ್ಚಿ ಎಲ್ಲಿತ್ತೆಂದು ಗುರುತೇ ಸಿಗಲಿಲ್ಲ.

ಗಿಲೇನ್ ಉದ್ದನೆ ಕೋಲಿಗೆ ಕ್ಯಾಮೆರಾ ಕಟ್ಟಿ, ಅಣಬೆ ಗುಹೆಯ ಕಡೆಯಿಂದ ಒಂದು ಸಣ್ಣ ಕಂಡಿಯಲ್ಲಿ ತೂರಿಸಿ ನೋಡಿದಳು. ಹಿಂದಿನ ಗೋಡೆ ನಿಂತಿತ್ತು. ಮುಖಗಳ ಮೇಲೆ ಧೂಳು ಕೂತಿತ್ತು, ಅಷ್ಟೇ. ಕಂಬಗಳನ್ನು ಇನ್ನು ಆ ಕಡೆಯಿಂದಲೇ ಎಬ್ಬಿಸಬೇಕು. ಮಾವನಿಗೆ ಚಿತ್ರ ತೋರಿಸಿದಳು. ಅವನು ಪರದೆಯ ಮೇಲಿನ ಆ ಕೆಳಗೆ ಬಂದ ಕಿವಿಯನ್ನು ಬೆರಳಿನಿಂದ ಮುಟ್ಟಿ, "ಬಿರುಗಾಳಿ ಬಂದ್ರೂ ಇವಳು ಕೂದಲು ಕೆದರಿಸಿಕೊಳ್ಳೋಳಲ್ಲ" ಎಂದ.

ಭಾನುವಾರ ಗಂಟೆಗಳು ಹಿಂತಿರುಗಿದವು. ಗಿಲೇನಳ ಮನೆಯಲ್ಲಿ ಕುರಿಮಾಂಸದ ಊಟ. ಜೋಯೆಲ್ ಮಾಂಸ ಕೊಯ್ದು ಬಡಿಸುತ್ತಿದ್ದ. ಕ್ಲೊವಿಸ್ ಮೇಜಿನ ತಲೆಯಲ್ಲಿ, ಯಾರದೋ ಅಂಗಿ ತೊಟ್ಟು ಕೂತಿದ್ದ. ಗಿಲೇನ್ ಎಂದಿನಂತೆ ನಿಂತೇ ಇದ್ದಳು. ಉಪ್ಪು ತಂದಳು, ವೈನ್ ತಂದಳು, ಕಿಟಕಿಗೆ ಹೋಗಿ ಬಂದಳು. ಅವಳಿಗೆ ಏನೋ ಕೇಳಬೇಕಾಗಿತ್ತು, ಕೇಳಲು ಆಗುತ್ತಿರಲಿಲ್ಲ. ನೋಡಿ ನೋಡಿ ನನಗೇ ತಲೆ ಕೆಟ್ಟಿತು.

"ಮಾವ, ಶುಕ್ರವಾರ ನಿನ್ನ ಕೈಗೆ ಬಿಳಿ ಹತ್ತಿತ್ತಲ್ಲ, ಅದು ಸುಣ್ಣವಾ?" ಎಂದು ನಾನೇ ಕೇಳಿಬಿಟ್ಟೆ.

ಕ್ಲೊವಿಸ್ ಚಾಕು ಕೆಳಗಿಟ್ಟ.

"ಪ್ಲಾಸ್ಟರ್" ಎಂದ. "ಒಂದು ಬಕೆಟ್ಟು ಕಲಸಿದ್ದೆ."

ಜೋಯೆಲ್ ಬಡಿಸುವುದನ್ನು ನಿಲ್ಲಿಸಿದ.

"ಹೊಸಾ ಸಾಕ್ಷಿ ಹಾಕೋಣ ಅಂತಲೇ ಕಲಸಿದ್ದು. ಸುಳ್ಳು ಯಾಕೆ ಹೇಳ್ಲಿ. ಏಣಿ ಹತ್ತಿದೆ, ಹಳೇದನ್ನ ಕೆರೆದೆ, ಕರಣೆ ತುಂಬ ಪ್ಲಾಸ್ಟರ್ ತಗೊಂಡೆ." ಅವನು ಗಿಲೇನಳ ಕಡೆ ನೋಡಲಿಲ್ಲ, ತನ್ನ ಕೈಗಳನ್ನು ನೋಡುತ್ತಿದ್ದ. "ಹಿಂದೆ ತಿರುಗಿದ್ರೆ ಒಡೆತ್. ದೀಪ ಆರಿಸೋಕೆ ಮರೆತಿದ್ದೆ. ಅವಳ ಕಾಲದಲ್ಲಿ ಮುಚ್ಚಿದ್ದು ಗೊತ್ತಿಲ್ಲದೆ ಮುಚ್ಚಿದ್ದು. ನಾನು ಗೊತ್ತಿದ್ದೂ ಮುಚ್ಚೋಕೆ ಹೊರಟಿದ್ದೆ. ಅವಳ ಕಣ್ಣೆದುರು ಕೈ ಏಳಲಿಲ್ಲ ಕಣೇ. ಪ್ಲಾಸ್ಟರ್ ಅಲ್ಲೇ ಬಿಟ್ಟು ಬಂದೆ."

ಗಿಲೇನ್ ಮಾವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ನೆಲ ಬಡಿಯಲಿಲ್ಲ, ಸುಮ್ಮನೆ ಕೂತಳು. ಅವನ ತಟ್ಟೆಯ ಮಾಂಸವನ್ನು ಸಣ್ಣದಾಗಿ ಕತ್ತರಿಸಿ ಮುಂದೆ ತಳ್ಳಿದಳು. ಜೋಯೆಲ್ ಮತ್ತೆ ಬಡಿಸತೊಡಗಿದ.

ಎಲ್ಲಿಂದಲೋ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಮೂವರೂ ನನ್ನ ಕಡೆ ನೋಡಿದರು. ಮೇಜಿನ ಕೆಳಗೆ ನನ್ನ ಹಿಮ್ಮಡಿ ನನ್ನನ್ನು ಕೇಳದೆ ಗಿಲೇನಳ ಅಡುಗೆಮನೆಯ ನೆಲವನ್ನು ಬಡಿಯುತ್ತಿತ್ತು.